ಶೆಟಿಕ್ಯಾಂಪ್: ಮೀನು ಇವರದು, ದಡ ಯಾರದು?

ಪ್ರಶ್ನೆ: ಮಗಳು ಹ್ಯಾಲಿಫ್ಯಾಕ್ಸ್‌ನಲ್ಲಿ ಓದುತ್ತಿದ್ದಾಳೆ. ಕಳೆದ ಆಗಸ್ಟ್‌ನಲ್ಲಿ ಅವಳೊಂದಿಗೆ ಕೆನಡಾದ ಕೇಪ್ ಬ್ರೆಟನ್ ದ್ವೀಪ ಸುತ್ತುವಾಗ ಶೆಟಿಕ್ಯಾಂಪ್ ಎಂಬ ಊರಿನಲ್ಲಿ ತಂಗಿದ್ದೆವು. ಮೀನುಗಾರರ ಊರು ಎಂದರು. ಊರಿಗೆ ಮೀರಿದ ಕಲ್ಲಿನ ಚರ್ಚ್, ಮನೆಗಳ ಮುಂದೆ ಹಳದಿ ನಕ್ಷತ್ರವಿರುವ ಫ್ರೆಂಚ್ ಬಾವುಟ ಕಂಡೆವು. ಧಕ್ಕೆಯಲ್ಲಿ ಮಾತ್ರ ನಮ್ಮ ಕುಮಟಾ, ತದಡಿಯ ಕಡೆ ಇರುವಂಥ ಗದ್ದಲವಿರಲಿಲ್ಲ. ಲಾಬ್‌ಸ್ಟರ್ ಹಿಡಿಯುವುದು ವರ್ಷಕ್ಕೆ ಎರಡೇ ತಿಂಗಳಂತೆ. ಹಾಗಾದರೆ ಉಳಿದ ಹತ್ತು ತಿಂಗಳು ಊರು ಬದುಕುವುದು ಹೇಗೆ? ಇಂಗ್ಲಿಷ್ ಸೀಮೆಯ ನಡುವೆ ಈ ಫ್ರೆಂಚ್ ಜನ ಎಲ್ಲಿಂದ ಬಂದರು? ಕಾಡ್ ಮೀನು ಮುಗಿಯಿತು ಎನ್ನುತ್ತಾರೆ, ಅದು ಮತ್ತೆ ಬರುತ್ತದೆಯೇ?

ಉತ್ತರ: ಈ ಊರಿನವರ ಪೂರ್ವಜರು ಮೀನುಗಾರರೇ ಅಲ್ಲ, ರೈತರು. ಅವರನ್ನು ಹೊಲದಿಂದ ಎಬ್ಬಿಸಿದ್ದರಿಂದ ಕಡಲಿಗೆ ಇಳಿದವರು. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಈ ಸಂಗತಿಯಿಂದಲೇ ಶುರುವಾಗುತ್ತದೆ.

ಫ್ರೆಂಚರು 1604ರಲ್ಲಿ ಈ ಭಾಗಕ್ಕೆ ಬಂದು 1605ರಲ್ಲಿ ಪೋರ್ಟ್ ರಾಯಲ್‌ನಲ್ಲಿ ನೆಲೆಸಿದರು. ಇಂದಿನ ನೋವಾ ಸ್ಕೋಷಿಯಾ ಮತ್ತು ಅದರ ಸುತ್ತಲಿನ ಸೀಮೆಗೆ ಆಗ ಅಕೇಡಿಯಾ ಎಂಬ ಹೆಸರಿತ್ತು. ಅದು ಮೂಲನಿವಾಸಿಗಳಾದ ಮಿಕ್‌ಮಾಕ್ ಜನರ ನೆಲ, ಅವರೊಂದಿಗೆ ಹೊಂದಿಕೊಂಡೇ ಅಕೇಡಿಯನ್ನರು ಬೆಳೆದರು. ಫಂಡಿ ಕೊಲ್ಲಿಯಲ್ಲಿ ಉಬ್ಬರ ಕೆಲವೆಡೆ ಹದಿನಾರು ಮೀಟರ್‌ವರೆಗೆ ಏರುತ್ತದೆ. ಆ ಉಬ್ಬರ ನುಗ್ಗುವ ಜವುಗು ನೆಲಕ್ಕೆ ಅವರು ಮಣ್ಣಿನ ಒಡ್ಡು ಹಾಕಿದರು. ಒಡ್ಡಿನ ಅಡಿಯಲ್ಲಿ ಮರದ ತೂಬು, ತೂಬಿನೊಳಗೆ ತೂಗಾಡುವ ಬಾಗಿಲು. ಇಳಿತದಲ್ಲಿ ಒಳಗಿನ ಮಳೆನೀರು ಬಾಗಿಲನ್ನು ತಳ್ಳಿಕೊಂಡು ಹೊರಹೋಗುತ್ತದೆ, ಉಬ್ಬರದಲ್ಲಿ ಸಮುದ್ರದ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ನೀವು ಕುಮಟಾದವರು, ಅಘನಾಶಿನಿ ನದಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಟ್ಟೆ ನೋಡಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮೂರು ವರ್ಷ ಮಳೆ ಸುರಿದು ಉಪ್ಪು ತೊಳೆದುಹೋದ ಮೇಲೆ ಆ ನೆಲದಲ್ಲಿ ಗೋಧಿಯೂ ಹುಲ್ಲೂ ಸಮೃದ್ಧವಾಗಿ ಬೆಳೆಯುತ್ತಿದ್ದವು.

1713ರ ಒಪ್ಪಂದದಲ್ಲಿ ಈ ಸೀಮೆ ಬ್ರಿಟಿಷರ ಪಾಲಾಯಿತು. ಫ್ರಾನ್ಸ್ ವಿರುದ್ಧ ಆಯುಧ ಎತ್ತುವುದಿಲ್ಲ, ಬ್ರಿಟನ್ ವಿರುದ್ಧವೂ ಎತ್ತುವುದಿಲ್ಲ ಎಂದು ಅಕೇಡಿಯನ್ನರು ನಾಲ್ಕು ದಶಕ ತಟಸ್ಥರಾಗಿ ಉಳಿದರು. ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸ್‌ಗೆ ಅದು ಸಾಲಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾಂ ಪ್ರೆ ಎಂಬಲ್ಲಿ ಗಂಡಸರನ್ನೆಲ್ಲ ಚರ್ಚಿಗೆ ಕರೆಸಿ, ನಿಮ್ಮ ಭೂಮಿ, ದನಕರು ಎಲ್ಲವೂ ದೊರೆಯ ವಶ, ನಿಮ್ಮನ್ನು ಹಡಗೇರಿಸಲಾಗುತ್ತದೆ ಎಂದು ಓದಿ ಹೇಳಿದರು. ಮುಂದಿನ ಎಂಟು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಡಿಪಾರು ಮಾಡಲಾಯಿತು. ಮನೆಗಳಿಗೆ ಬೆಂಕಿ ಇಟ್ಟರು. ಇಂದು ಪ್ರಿನ್ಸ್ ಎಡ್ವರ್ಡ್ ಎನ್ನುವ ದ್ವೀಪದಿಂದ 1758ರಲ್ಲಿ ಸಾಗಿಸಿದವರಲ್ಲಿ ನೂರಾರು ಜನ ಹಡಗು ಮುಳುಗಿ ಸತ್ತರು. ಒಡ್ಡು ಕಟ್ಟಿ ಹದ ಮಾಡಿದ್ದ ಆ ಹೊಲಗಳಿಗೆ ನ್ಯೂ ಇಂಗ್ಲೆಂಡ್‌ನಿಂದ ಬೇರೆ ರೈತರನ್ನು ಕರೆತಂದು ಕೂರಿಸಿದರು.

1764ರ ನಂತರ ಅಕೇಡಿಯನ್ನರಿಗೆ ಹಿಂದಿರುಗಲು ಅವಕಾಶ ಸಿಕ್ಕಿತು. ಆದರೆ ಒಂದೆಡೆ ಗುಂಪಾಗಿ ನೆಲೆಸುವಂತಿಲ್ಲ, ನಿಷ್ಠೆಯ ಪ್ರಮಾಣ ಮಾಡಬೇಕು. ನೋವಾ ಸ್ಕೋಷಿಯಾದ ಕಾನೂನಿನಲ್ಲಿ ಕ್ಯಾಥೊಲಿಕರಿಗೆ 1780ರ ದಶಕದವರೆಗೆ ಭೂಮಿಯ ಒಡೆತನವೂ ಇರಲಿಲ್ಲ. ಉಳಿದಿದ್ದು ಯಾರಿಗೂ ಬೇಡವಾದ ಕಲ್ಲು ದಡ. ಶೆಟಿಕ್ಯಾಂಪ್ ಅಂಥದೊಂದು ದಡ. ಹಿಂದೆ ಬೆಟ್ಟ, ಮುಂದೆ ಸೇಂಟ್ ಲಾರೆನ್ಸ್ ಕೊಲ್ಲಿ, ನಡುವೆ ಒಂದಿಷ್ಟು ಹುಲ್ಲುಗಾವಲು. ಚಳಿಗಾಲದಲ್ಲಿ ಬೆಟ್ಟದಿಂದ ಇಳಿಯುವ ಆಗ್ನೇಯ ಗಾಳಿಗೆ ಊರಿನವರು ಸುಯೆಟ್ ಎನ್ನುತ್ತಾರೆ. ಗಂಟೆಗೆ 200 ಕಿಲೋಮೀಟರ್ ಮೀರಿದ ದಾಖಲೆ ಅದಕ್ಕಿದೆ. 1780ರ ದಶಕದಲ್ಲಿ ಕುಟುಂಬಗಳು ಇಲ್ಲಿ ನೆಲೆಯೂರಿದವು. 1790ರಲ್ಲಿ ಹದಿನಾಲ್ಕು ಹಿರಿಯರ ಹೆಸರಿಗೆ ಭೂಮಿಯ ಪತ್ರ ಸಿಕ್ಕಿತು. ಊರು ಇಂದಿಗೂ ಅವರನ್ನು ‘ಹದಿನಾಲ್ವರು ಮುದುಕರು’ ಎಂದೇ ನೆನೆಯುತ್ತದೆ. ಓಕ್ವಾನ್, ಶಿಯಾಸೋನ್, ಡೆವೋ, ಲಫೋರ್, ಬೂದ್ರೋ ಮೊದಲಾದ ಕೆಲವೇ ಮನೆತನದ ಹೆಸರುಗಳು ಊರಿನ ಅಂಚೆಪೆಟ್ಟಿಗೆಗಳ ಮೇಲೆ ಮತ್ತೆ ಮತ್ತೆ ಕಾಣಿಸುವುದು ಇದರಿಂದಲೇ. ಒಂದೇ ಹೆಸರಿನವರು ಹಲವರಿರುವುದರಿಂದ ಅಪ್ಪ, ಅಜ್ಜನ ಹೆಸರನ್ನು ಸಾಲಾಗಿ ಪೋಣಿಸಿ ಕರೆಯುತ್ತಾರೆ.

ನೀವು ಕಂಡ ಬಾವುಟ ಫ್ರಾನ್ಸಿನದಲ್ಲ, ಅಕೇಡಿಯನ್ನರದು. 1884ರಲ್ಲಿ ಅವರು ಸಭೆ ಸೇರಿ ಫ್ರೆಂಚ್ ತ್ರಿವರ್ಣದ ನೀಲಿ ಪಟ್ಟಿಯ ಮೇಲೆ ಮೇರಿಯ ನಕ್ಷತ್ರವನ್ನು ಇರಿಸಿಕೊಂಡರು. ಆಗಸ್ಟ್ 15 ಅವರ ರಾಷ್ಟ್ರೀಯ ದಿನ.

ಇನ್ನು ಹಣದ ವಿಷಯ.

ಅಕೇಡಿಯನ್ನರು ಮನೆ ಕಟ್ಟುವ ಮೊದಲೇ ಇಲ್ಲಿ ಒಬ್ಬ ವ್ಯಾಪಾರಿ ಕಾಲೂರಿದ್ದ. ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದ ಚಾರ್ಲ್ಸ್ ರಾಬಿನ್ 1766ರಿಂದಾಚೆಗೆ ಈ ಕೊಲ್ಲಿಯ ಸುತ್ತ ಕಾಡ್ ಮೀನಿನ ಕೇಂದ್ರಗಳನ್ನು ತೆರೆಯುತ್ತ ಬಂದ. ಶೆಟಿಕ್ಯಾಂಪ್‌ನ ಎದುರಿನ ದ್ವೀಪದ ತುದಿಯಲ್ಲೂ ಅವನ ಕಂಪನಿಯ ಗೋದಾಮು, ಅಂಗಡಿ, ಮೀನು ಒಣಗಿಸುವ ದಡ ಇದ್ದವು. ಅವನು ಪ್ರಾಟೆಸ್ಟೆಂಟ್, ಬ್ರಿಟಿಷ್ ಪ್ರಜೆ, ಆದರೆ ಫ್ರೆಂಚ್ ಬಲ್ಲವನು. ಗಡಿಪಾರಾಗಿ ಫ್ರಾನ್ಸಿನಲ್ಲಿದ್ದ ಕೆಲವು ಅಕೇಡಿಯನ್ನರನ್ನು 1774ರಲ್ಲಿ ತನ್ನ ಹಡಗಿನಲ್ಲೇ ಈ ಕಡೆಗೆ ಕರೆತಂದ. ಉಪಕಾರವೂ ಹೌದು, ದುಡಿಯುವ ಕೈಗಳ ವ್ಯವಸ್ಥೆಯೂ ಹೌದು.

ಒಣಗಿಸಿದ ಕಾಡ್ ಆ ಕಾಲದ ದೊಡ್ಡ ಸರಕು. ಮೀನಿನ ತಲೆ ತೆಗೆದು, ಬೆನ್ನಮೂಳೆಯ ಬಹುಭಾಗ ಬಿಡಿಸಿ, ಪುಸ್ತಕದಂತೆ ತೆರೆದು, ಪದರ ಪದರವಾಗಿ ಉಪ್ಪು ಹಾಕುತ್ತಾರೆ. ಕೆಲವು ದಿನಗಳ ನಂತರ ತೊಳೆದು, ದಡದ ಉರುಟು ಕಲ್ಲುಗಳ ಮೇಲೋ ಮರದ ಅಟ್ಟಣೆಗಳ ಮೇಲೋ ಹರಡುತ್ತಾರೆ. ಬಿಸಿಲು ಹೆಚ್ಚಾದರೆ ಮಾಂಸ ಸುಟ್ಟಂತಾಗುತ್ತದೆ, ಇಬ್ಬನಿ ತಾಗಿದರೆ ಹಾಳಾಗುತ್ತದೆ. ಆದ್ದರಿಂದ ಮೀನನ್ನು ದಿನವೂ ತಿರುವಿಹಾಕಿ, ಸಂಜೆ ಚರ್ಮ ಮೇಲಾಗಿ ಮಡಗಿ, ಮಳೆ ಕಂಡರೆ ಓಡಿಹೋಗಿ ರಾಶಿ ಮಾಡಿ ಮುಚ್ಚಬೇಕು. ಈ ದುಡಿಮೆಯಲ್ಲಿ ಬಹುಪಾಲು ಹೆಂಗಸರು, ಮಕ್ಕಳದು. ಕಡಿಮೆ ಉಪ್ಪಿನಲ್ಲಿ ಗಟ್ಟಿಯಾಗಿ ಒಣಗಿದ ಉತ್ತಮ ದರ್ಜೆಯದು ಸ್ಪೇನ್, ಪೋರ್ಚುಗಲ್, ಇಟಲಿ, ಬ್ರೆಜಿಲ್‌ಗೆ ಹೋಗುತ್ತಿತ್ತು. ಒಡೆದ, ಬಣ್ಣಗೆಟ್ಟ ಮೀನು ಕೆರಿಬಿಯನ್ ದ್ವೀಪಗಳಿಗೆ, ಕಬ್ಬಿನ ತೋಟಗಳ ಗುಲಾಮರ ಊಟಕ್ಕೆ. ಈ ವ್ಯಾಪಾರದ ಲಾಭದ ಲೆಕ್ಕದಲ್ಲಿ ಆ ಗುಲಾಮರ ತಟ್ಟೆಯೂ ಸೇರಿದೆ ಎಂಬುದನ್ನು ಮರೆಯಬಾರದು.

ರಾಬಿನ್ ಕಂಪನಿ ಮೀನುಗಾರರಿಗೆ ನಗದು ಕೊಡುತ್ತಿದ್ದುದು ಅಪರೂಪ. ವಸಂತದಲ್ಲಿ ಕಂಪನಿಯ ಅಂಗಡಿಯಿಂದ ಹಿಟ್ಟು, ಕಾಕಂಬಿ, ಚಹಾ, ಉಪ್ಪು, ಗಾಳ, ಹಗ್ಗ, ಬಟ್ಟೆ ಸಾಲವಾಗಿ ಬರುತ್ತಿತ್ತು. ಶರತ್ಕಾಲದಲ್ಲಿ ಮೀನು ತಂದೊಪ್ಪಿಸಿದಾಗ ಅದರ ಬೆಲೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಹಿಟ್ಟಿನ ಬೆಲೆಯನ್ನೂ ಕಂಪನಿಯೇ ಕಟ್ಟಿರುತ್ತಿತ್ತು. ಲೆಕ್ಕದ ಪುಸ್ತಕ ಅವರ ಮೇಜಿನ ಮೇಲೆ. ಬಾಕಿ ಉಳಿದರೆ ಅದು ಮುಂದಿನ ವರ್ಷಕ್ಕೆ, ಅಪ್ಪ ಸತ್ತರೆ ಮಗನ ತಲೆಗೆ. ಬೇರೆಯವರಿಗೆ ಮೀನು ಮಾರೋಣವೆಂದರೆ ಸಾಲ ಅಡ್ಡ ಬರುತ್ತದೆ, ಸಾಲ ತೀರಿಸೋಣವೆಂದರೆ ಕೈಯಲ್ಲಿ ನಗದಿಲ್ಲ. ಈ ಊರಿನ ಬಡತನಕ್ಕೆ ಕಡಲನ್ನು ದೂರುವವರನ್ನು ನಾನು ಒಪ್ಪುವುದಿಲ್ಲ. ಕಡಲಿನಲ್ಲಿ ಮೀನಿತ್ತು, ಮೀನು ಹಿಡಿಯುವವರಲ್ಲಿ ಕಸುಬೂ ಇತ್ತು. ಒಣಗಿಸುವ ದಡ, ತೂಗುವ ತಕ್ಕಡಿ, ಸಾಲ ಕೊಡುವ ಅಂಗಡಿ ಮೂರೂ ಒಂದೇ ಕೈಯಲ್ಲಿದ್ದದ್ದು ಬಡತನಕ್ಕೆ ಕಾರಣ.

ಆ ಕೈ ಎಷ್ಟು ದೂರದ್ದೆಂಬುದು 1886ರಲ್ಲಿ ಬಯಲಾಯಿತು. ಆ ವರ್ಷದ ಜನವರಿಯಲ್ಲಿ ಜರ್ಸಿ ದ್ವೀಪದಲ್ಲಿ ಬ್ಯಾಂಕೊಂದು ಮುಳುಗಿತು, ಅದರೊಂದಿಗೆ ಕಂಪನಿಯೂ ತತ್ತರಿಸಿತು. ಅಟ್ಲಾಂಟಿಕ್‌ನ ಈಚೆ ದಡದಲ್ಲಿ, ನಡು ಚಳಿಗಾಲದಲ್ಲಿ, ಕಂಪನಿಯ ಅಂಗಡಿಗಳ ಬಾಗಿಲು ಮುಚ್ಚಿದವು. ಕಂಪನಿಯ ಮುಖ್ಯ ಕೇಂದ್ರವಿದ್ದ ಕ್ವಿಬೆಕ್‌ನ ಪಾಸ್ಪೆಬಿಯಾಕ್‌ನಲ್ಲಿ ಹಸಿದ ಜನ ಗೋದಾಮು ಒಡೆದು ಹಿಟ್ಟು ಹೊತ್ತೊಯ್ದರು.

ಶೆಟಿಕ್ಯಾಂಪ್‌ನಲ್ಲಿ ಕಂಪನಿಗೆ ಮೊದಲ ದೊಡ್ಡ ಎದುರಾಳಿಯಾಗಿ ನಿಂತವರು ಒಬ್ಬ ಪಾದ್ರಿ. 1875ರಲ್ಲಿ ಬಂದು 1909ರವರೆಗೆ ಇಲ್ಲೇ ಇದ್ದ ಪಿಯೆರ್ ಫಿಸೆ ಪ್ರಾರ್ಥನೆ ನಡೆಸಿ ಸುಮ್ಮನೆ ಕೂರುವವರಾಗಿರಲಿಲ್ಲ. ಅಂಗಡಿ ತೆರೆದರು, ಧಕ್ಕೆ ಕಟ್ಟಿಸಿದರು, ಬೆಟ್ಟದ ಬುಡದ ಜಿಪ್ಸಮ್ ಗಣಿಗೂ ಕೈಹಾಕಿದರು. ನೀವು ಕಂಡ ಸೇಂಟ್ ಪಿಯೆರ್ ಚರ್ಚ್ 1893ರದು, ಅವರ ಕಾಲದ್ದೇ. ಅದರ ಕಲ್ಲುಗಳನ್ನು ಎದುರಿನ ದ್ವೀಪದಲ್ಲಿ ಕಡಿದು, ಬಂದರಿನ ನೀರು ಹೆಪ್ಪುಗಟ್ಟಿದ ಮೇಲೆ ಮಂಜಿನ ಮೇಲೆ ಕುದುರೆಗಳಿಂದ ಎಳೆಸಿ ತಂದರು. ಸಾಲದಲ್ಲಿದ್ದ ಊರು ಇಷ್ಟು ದೊಡ್ಡ ಚರ್ಚ್ ಕಟ್ಟಿದ್ದೇಕೆ ಎಂದು ಕೇಳುವವರಿದ್ದಾರೆ. ಕಂಪನಿಯ ಪುಸ್ತಕಕ್ಕೆ ಸೇರದಂತೆ ಊರು ತನಗಾಗಿ ಕಟ್ಟಿಕೊಂಡ ಮೊದಲ ದೊಡ್ಡ ಆಸ್ತಿ ಅದು ಎಂದು ನಾನು ನೋಡುತ್ತೇನೆ. ಗಣಿ ಮಾತ್ರ ಕೈಯಿಂದ ಕೈಗೆ ದಾಟಿ, ಎರಡನೇ ಮಹಾಯುದ್ಧದ ಹೊತ್ತಿಗೆ ನಿಂತುಹೋಯಿತು. ಈಗ ಅದರ ಗುಂಡಿಯಲ್ಲಿ ತಿಳಿನೀಲಿ ಕೊಳವಿದೆ, ಬೇಸಿಗೆಯಲ್ಲಿ ಜನ ಈಜುತ್ತಾರೆ.

ನಿಜವಾದ ತಿರುವು ಬಂದದ್ದು ಸಹಕಾರ ಸಂಘಗಳಿಂದ. 1915ರ ಸುಮಾರಿಗೇ ಇಲ್ಲಿನ ಒಂದಷ್ಟು ಮೀನುಗಾರರು ಮೀನನ್ನು ಒಟ್ಟಾಗಿ ಮಾರಲು ಹೊರಟಿದ್ದರು. ನೋವಾ ಸ್ಕೋಷಿಯಾದ ಆಂಟಿಗೊನಿಶ್‌ನಲ್ಲಿರುವ ಸೇಂಟ್ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾಲಯ 1928ರಲ್ಲಿ ವಿಸ್ತರಣಾ ವಿಭಾಗ ತೆರೆದು, ಮೋಸಸ್ ಕೋಡಿ ಎಂಬ ಪಾದ್ರಿಯನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಹತ್ತು ಹದಿನೈದು ಜನ ಯಾರದೋ ಅಡುಗೆಮನೆಯಲ್ಲಿ ಕೂಡುವುದು, ನಮ್ಮ ಮೀನಿಗೆ ಬಾಸ್ಟನ್‌ನಲ್ಲಿ ಎಷ್ಟು ಬೆಲೆ, ನಮಗೆ ಸಿಗುವುದೆಷ್ಟು, ನಡುವಿನದು ಯಾರಿಗೆ ಎಂದು ಲೆಕ್ಕ ಹಾಕುವುದು. ಮುಂದಿನ ಹೆಜ್ಜೆಯಾಗಿ ಉಳಿತಾಯ ಸಂಘ, ಅದರ ಹಣದಿಂದ ಮಾರಾಟ ಸಂಘ, ಗ್ರಾಹಕರ ಅಂಗಡಿ, ಸಂಸ್ಕರಣಾ ಘಟಕ. ಶೆಟಿಕ್ಯಾಂಪ್‌ನ ಸಾಲ ಸಹಕಾರ ಸಂಘ ಹುಟ್ಟಿದ್ದು 1936ರಲ್ಲಿ. ಸಾಲ ಊರಿನೊಳಗೇ ಸಿಗತೊಡಗಿದಾಗ ಕಂಪನಿಯ ಹಿಡಿತ ತಾನಾಗಿಯೇ ಸಡಿಲವಾಯಿತು. ಕೋಡಿ ಹೆಸರಿನಲ್ಲಿ ಅದೇ ವಿಶ್ವವಿದ್ಯಾಲಯ 1959ರಲ್ಲಿ ತೆರೆದ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಭಾರತದ ಅನೇಕ ಸಹಕಾರಿ ಕಾರ್ಯಕರ್ತರೂ ತರಬೇತಿ ಪಡೆದಿದ್ದಾರೆ. ಮಗಳಿಗೆ ಆಸಕ್ತಿಯಿದ್ದರೆ ಹ್ಯಾಲಿಫ್ಯಾಕ್ಸ್‌ನಿಂದ ಶೆಟಿಕ್ಯಾಂಪ್‌ಗೆ ಹೋಗುವಾಗ ಆಂಟಿಗೊನಿಶ್ ದಾರಿಯಲ್ಲೇ ಸಿಗುತ್ತದೆ.

ಹೆಂಗಸರ ದುಡಿಮೆಯನ್ನು ಬಿಟ್ಟು ಈ ಊರಿನ ಅರ್ಥವ್ಯವಸ್ಥೆಯನ್ನು ಹೇಳಲಾಗದು. ಅಂಗಡಿಗಳಲ್ಲಿ ನೀವು ಕೈಹೆಣಿಗೆಯ ನೆಲಹಾಸು, ಗೋಡೆಹಾಸುಗಳನ್ನು ನೋಡಿರಬೇಕು. ಗೋಣಿತಟ್ಟನ್ನು ಮರದ ಚೌಕಟ್ಟಿಗೆ ಬಿಗಿದು, ಉಣ್ಣೆಯ ಎಳೆಯನ್ನು ಕೆಳಗೆ ಹಿಡಿದು, ಕೊಕ್ಕೆಯನ್ನು ಮೇಲಿನಿಂದ ತೂರಿಸಿ ಒಂದೊಂದೇ ಕುಣಿಕೆಯನ್ನು ಮೇಲೆಳೆಯುತ್ತಾರೆ. ಕುಣಿಕೆಗಳು ಗಿಡ್ಡವಾಗಿ, ಒಂದೇ ಎತ್ತರದಲ್ಲಿ, ಒತ್ತೊತ್ತಾಗಿ ನಿಲ್ಲಬೇಕು. ತಟ್ಟಿನ ರಂಧ್ರ ಖಾಲಿ ಬಿಟ್ಟರೆ ಅದು ಶೆಟಿಕ್ಯಾಂಪ್ ಕೆಲಸವಲ್ಲ. ಈ ಕಲೆ ಬೆಳೆದ ಕಾಲದಲ್ಲಿ ಜಗತ್ತಿನ ಸೆಣಬೆಲ್ಲ ಹೆಚ್ಚುಕಡಿಮೆ ಬಂಗಾಳದ್ದೇ ಆಗಿದ್ದರಿಂದ, ಈ ಹಾಸುಗಳ ಅಡಿಯಲ್ಲಿರುವ ನಾರು ನಮ್ಮ ಕಡೆಯದೇ.

ಮೊದಲು ಚಿಂದಿಬಟ್ಟೆಯಿಂದ ಮಾಡುತ್ತಿದ್ದ ಹಾಸುಗಳನ್ನು ಊರೂರು ಅಲೆಯುವ ವ್ಯಾಪಾರಿಗಳು ಸಾಮಾನಿಗೆ ಬದಲಾಗಿ ಒಯ್ಯುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಲಿಲಿಯನ್ ಬರ್ಕ್ ಎಂಬ ಅಮೆರಿಕನ್ ಕಲಾವಿದೆ ಬಂದರು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಕುಟುಂಬಕ್ಕೆ ಆಪ್ತರು, ಆ ಕುಟುಂಬದ ಬೇಸಿಗೆ ಮನೆ ಇದೇ ದ್ವೀಪದ ಬ್ಯಾಡೆಕ್‌ನಲ್ಲಿತ್ತು. ಬರ್ಕ್ ಉಣ್ಣೆ ಬಳಸಲು ಹೇಳಿದರು, ಕಣ್ಣಿಗೆ ಹೊಡೆಯುವ ಬಣ್ಣಗಳನ್ನು ಮೃದುಗೊಳಿಸಿದರು, ವಿನ್ಯಾಸ ಕೊಟ್ಟರು, ನ್ಯೂಯಾರ್ಕ್‌ನಿಂದ ಬೇಡಿಕೆ ತಂದರು. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಅನೇಕ ಮನೆಗಳಿಗೆ ನಗದು ಬಂದ ದಾರಿ ಅದೊಂದೇ. ಆದರೆ ಚದರ ಅಡಿಗೆ ಇಷ್ಟು ಎಂಬ ಕೂಲಿಯನ್ನು ನಿರ್ಧರಿಸುತ್ತಿದ್ದವರು ಅವರು, ಗಿರಾಕಿಗಳೂ ಅವರ ಕೈಯಲ್ಲೇ. 1930ರ ದಶಕದ ನಡುವಿನಲ್ಲಿ ಕೆಲವು ಹೆಂಗಸರು ಅವರಿಂದ ಬೇರೆಯಾಗಿ ತಾವೇ ಮಾರತೊಡಗಿದರು. ಅಷ್ಟರಲ್ಲಿ ದ್ವೀಪ ಸುತ್ತುವ ಕ್ಯಾಬಟ್ ಟ್ರೇಲ್ ರಸ್ತೆ 1932ರಲ್ಲಿ ಪೂರ್ಣಗೊಂಡು, ಗಿರಾಕಿಗಳು ಕಾರಿನಲ್ಲಿ ಬಾಗಿಲಿಗೇ ಬರುತ್ತಿದ್ದರು. ಬರ್ಕ್ ಮಾಡಿದ ಉಪಕಾರ ದೊಡ್ಡದು. ಆ ಹೆಂಗಸರು ಹೊರಬಂದದ್ದೂ ಸರಿಯೇ ಎಂಬುದು ನನ್ನ ಅಭಿಪ್ರಾಯ. ಇದೇ ಕಲೆಯನ್ನು ಭಾವಚಿತ್ರದ ಮಟ್ಟಕ್ಕೆ ಒಯ್ದವರು ಎಲಿಜಬೆತ್ ಲಫೋರ್. ಅವರು ಉಣ್ಣೆಯಲ್ಲಿ ಮೂಡಿಸಿದ ಚಿತ್ರಗಳು ಶ್ವೇತಭವನ, ವ್ಯಾಟಿಕನ್‌ಗಳಿಗೆ ಹೋದವು. ಊರಿನ ಲೆ ತ್ರುವಾ ಪಿನ್ಯೋಂ ಸಂಗ್ರಹಾಲಯದಲ್ಲಿ ಅವರ ಕೆಲಸಗಳಿವೆ, ನೋಡದೆ ಬಂದಿದ್ದರೆ ಮತ್ತೊಮ್ಮೆ ಹೋಗಿ.

ರಸ್ತೆಯ ಹಿಂದೆಯೇ 1936ರಲ್ಲಿ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಬಂತು. ಇಂದು ಪ್ರವಾಸೋದ್ಯಮ ಊರಿನ ಎರಡನೆಯ ಕಾಲು. ಆದರೆ ಆ ಉದ್ಯಾನಕ್ಕಾಗಿ ಪಕ್ಕದ ಕ್ಯಾಪ್ ರೂಜ್‌ನ ಅಕೇಡಿಯನ್ ಕುಟುಂಬಗಳನ್ನು ಎಬ್ಬಿಸಿದರು. ಗಡಿಪಾರಾಗಿ ಬಂದವರ ವಂಶಸ್ಥರನ್ನು ಮತ್ತೊಮ್ಮೆ ಮನೆ ಬಿಡಿಸಿದ್ದು ನನಗೆ ಇಂದಿಗೂ ಸಂಕಟದ ವಿಷಯ. ಲೆ ಬ್ಯುಟರೋ ಎಂಬ ಕಾಲುದಾರಿಯಲ್ಲಿ ನಡೆದರೆ ಅವರ ಮನೆಗಳ ಅಡಿಪಾಯದ ಗುರುತುಗಳು ಸಿಗುತ್ತವೆ.

ಈಗ ನಿಮ್ಮ ಹತ್ತು ತಿಂಗಳ ಲೆಕ್ಕ. ಲಾಬ್‌ಸ್ಟರ್ ಋತು ಮೇ ತಿಂಗಳ ಆಸುಪಾಸಿನಲ್ಲಿ ತೆರೆದು ಸುಮಾರು ಎರಡು ತಿಂಗಳು ನಡೆಯುತ್ತದೆ. ಇಂತಿಷ್ಟೇ ಬೋನು ಇಡಬೇಕು, ಅಳತೆಗೆ ಬಾರದ್ದನ್ನೂ ಮೊಟ್ಟೆಯಿರುವ ಹೆಣ್ಣನ್ನೂ ನೀರಿಗೆ ಬಿಡಬೇಕು. ಬೇಸಿಗೆಯಲ್ಲಿ ಹಿಮ ಏಡಿ. ಕಾಡ್ ಇದ್ದ ಕಾಲದಲ್ಲಿ ಇದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ, ಇಂದು ಊರಿನ ದೊಡ್ಡ ಆದಾಯ ಇದೇ. ಅಗಲ 95 ಮಿಲಿಮೀಟರ್ ದಾಟಿದ ಗಂಡು ಏಡಿಯನ್ನು ಮಾತ್ರ ಹಿಡಿಯಬಹುದು. ದೋಣಿಗೊಂದು ಕೋಟಾ ಇರುವುದರಿಂದ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಧಕ್ಕೆ ನಿಮಗೆ ಖಾಲಿಯಾಗಿ ಕಾಣುತ್ತದೆ. ಕೆಲವರು ಹ್ಯಾಲಿಬಟ್ ಮೀನು ನೋಡಿಕೊಳ್ಳುತ್ತಾರೆ, ಕೆಲವರು ತಿಮಿಂಗಿಲ ತೋರಿಸಲು ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಚಳಿಗಾಲದಲ್ಲಿ ಕೊಲ್ಲಿ ಹೆಪ್ಪುಗಟ್ಟುತ್ತದೆ. ಆಗ ಮನೆ ನಡೆಸುವುದು ನಿರುದ್ಯೋಗ ವಿಮೆ. 1957ರಲ್ಲಿ ಕೆನಡಾ ಸರ್ಕಾರ ಸ್ವಂತ ದೋಣಿಯ ಮೀನುಗಾರರನ್ನೂ ಇದರೊಳಗೆ ತಂದಿತು. ಋತುವಿನ ಗಳಿಕೆಯನ್ನು ನೋಡಿ ಗರಿಷ್ಠ 26 ವಾರ ಹಣ ಸಿಗುತ್ತದೆ. ಇದನ್ನು ಬಿಟ್ಟಿ ದುಡ್ಡು ಎಂದು ಹೀಗಳೆಯುವವರು ನಗರಗಳಲ್ಲಿದ್ದಾರೆ. ಕಡಲು ಆರು ತಿಂಗಳು ಮುಚ್ಚಿರುವ ಊರಿನಲ್ಲಿ, ಆರು ತಿಂಗಳಿಗೆಂದೇ ಬೇಕಾಗುವ ಕಸುಬುದಾರರನ್ನು ಉಳಿಸಿಕೊಳ್ಳಲು ಬೇರೆ ಉಪಾಯ ನನಗಂತೂ ಕಾಣುವುದಿಲ್ಲ. ಉಳಿದಂತೆ ಶಾಲೆ, ಆಸ್ಪತ್ರೆ, ಅಂಗಡಿ, ಮೀನಿನ ಕಾರ್ಖಾನೆಯ ಕೆಲಸ. ಮತ್ತೆ ಕೆಲವರು ಪಶ್ಚಿಮದ ಆಲ್ಬರ್ಟಾಕ್ಕೆ ದುಡಿಯಲು ಹೋಗಿ ಹಣ ಕಳಿಸುತ್ತಾರೆ.

ಇಲ್ಲಿನ ಒಂದು ನಿಯಮ ನಮ್ಮ ಕರಾವಳಿಯವರಿಗೂ ಗೊತ್ತಿರಬೇಕು. 1979ರಿಂದ ಜಾರಿಗೆ ಬಂದ ನೀತಿಯಂತೆ ಮೀನು ಕೊಳ್ಳುವ, ಸಂಸ್ಕರಿಸುವ ಕಂಪನಿಗಳು ದಡದ ಸಣ್ಣ ದೋಣಿಗಳ ಪರವಾನಗಿ ಪಡೆಯುವಂತಿಲ್ಲ. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರೇ ದೋಣಿಯಲ್ಲಿರಬೇಕು. ಹಿಂಬಾಗಿಲ ಒಪ್ಪಂದಗಳು ಹೆಚ್ಚಾದ ಮೇಲೆ 2021ರಲ್ಲಿ ಇದನ್ನು ಕಾನೂನಿನ ಕಟ್ಟಳೆಯನ್ನಾಗಿಯೇ ಮಾಡಿದರು. ರಾಬಿನ್ ಕಾಲ ಮರಳಿ ಬಾರದಂತೆ ಹಾಕಿದ ಬೇಲಿ ಇದು. ಆದರೆ ಬೇಲಿಯೊಳಗೂ ತೊಂದರೆ ಬೆಳೆದಿದೆ. ಪರವಾನಗಿಗಳ ಸಂಖ್ಯೆಗೆ ಮಿತಿಯಿರುವುದರಿಂದ ಅವುಗಳ ಬೆಲೆ ಲಕ್ಷಾಂತರ ಡಾಲರ್ ಮುಟ್ಟಿದೆ. ಅಪ್ಪನಿಂದ ಬಂದರೆ ಸರಿ, ಇಲ್ಲದ ಹುಡುಗ ಜೀವಮಾನದ ಸಾಲ ಹೊರಬೇಕು. ದೋಣಿ ಇರುವ ಮನೆಗೂ ಕಾರ್ಖಾನೆಯಲ್ಲಿ ಗಂಟೆಯ ಕೂಲಿಗೆ ಏಡಿ ಬಿಡಿಸುವ ಮನೆಗೂ ಅಂತರ ಹಿಗ್ಗಿದೆ. ಇದರೊಂದಿಗೆ ಮಿಕ್‌ಮಾಕ್ ಜನರ ಹಕ್ಕಿನ ಪ್ರಶ್ನೆಯಿದೆ. 1760-61ರ ಒಪ್ಪಂದಗಳ ಆಧಾರದ ಮೇಲೆ ಅವರಿಗೆ ಸಾಧಾರಣ ಜೀವನೋಪಾಯಕ್ಕಾಗಿ ಮೀನು ಹಿಡಿದು ಮಾರುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ನೋವಾ ಸ್ಕೋಷಿಯಾದ ಕರಾವಳಿಯಲ್ಲಿ ಇದು ಇಂದಿಗೂ ಕಾವು ತಣಿಯದ ವಿಷಯ. ನೆಲ ಕಳೆದುಕೊಂಡ ನೋವು ಬಲ್ಲ ಅಕೇಡಿಯನ್ನರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಅರಿಯಬೇಕು ಎಂಬುದು ನನ್ನ ಆಸೆ.

ಮಾರುಕಟ್ಟೆ ಮಾತ್ರ ಇಂದಿಗೂ ಹೊರಗಿನದೇ. ಏಡಿ, ಲಾಬ್‌ಸ್ಟರ್ ಹೋಗುವುದು ಅಮೆರಿಕ, ಜಪಾನ್, ಚೀನಾಕ್ಕೆ. 2025ರ ಮಾರ್ಚ್‌ನಲ್ಲಿ ಚೀನಾ ಕೆನಡಾದ ಈ ಸರಕಿನ ಮೇಲೆ ಶೇಕಡಾ 25 ಸುಂಕ ಹೇರಿದಾಗ, ಋತು ತೆರೆಯುವ ಮೊದಲೇ ಇಂಥ ಊರುಗಳಲ್ಲಿ ಬೆಲೆಯ ಚಿಂತೆ ಶುರುವಾಗಿತ್ತು.

ಕೊನೆಯದಾಗಿ ಕಾಡ್. ದೊಡ್ಡ ಟ್ರಾಲ್ ಹಡಗುಗಳು ದಶಕಗಳ ಕಾಲ ಬಾಚಿದ ಮೇಲೆ, ನ್ಯೂಫೌಂಡ್‌ಲ್ಯಾಂಡ್ ಕಡೆಯ ಕಾಡ್ ಹಿಡಿಯುವುದನ್ನು 1992ರ ಜುಲೈನಲ್ಲಿ ನಿಲ್ಲಿಸಿದರು. ಶೆಟಿಕ್ಯಾಂಪ್‌ನವರು ಹಿಡಿಯುತ್ತಿದ್ದ ದಕ್ಷಿಣ ಕೊಲ್ಲಿಯ ಕಾಡ್ ಬೇರೆಯೇ ಹಿಂಡು, ಅದಕ್ಕೆ 1993ರಲ್ಲಿ ತಡೆ ಬಿತ್ತು. ಕೆಲವು ವರ್ಷಗಳ ನಂತರ ಸಣ್ಣ ಪ್ರಮಾಣದಲ್ಲಿ ತೆರೆದು ನೋಡಿ, 2009ರಲ್ಲಿ ಮತ್ತೆ ಮುಚ್ಚಿದರು. ಹಿಡಿಯುವುದನ್ನು ನಿಲ್ಲಿಸಿದರೆ ಮೀನು ಹೆಚ್ಚುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ಕೈಕೊಟ್ಟಿದೆ. ಮರಿಗಳು ಹುಟ್ಟುತ್ತವೆ, ಆದರೆ ಐದು ವರ್ಷ ದಾಟಿದ ದೊಡ್ಡ ಮೀನುಗಳೇ ಬಲೆಯಿಲ್ಲದೆಯೂ ಸಾಯುತ್ತಿವೆ. ವಿಜ್ಞಾನಿಗಳು ಮುಖ್ಯವಾಗಿ ಬೂದು ಸೀಲ್‌ಗಳತ್ತ ಬೆರಳು ತೋರಿಸುತ್ತಾರೆ. 1960ರ ದಶಕದಲ್ಲಿ ಕೆಲವೇ ಸಾವಿರವಿದ್ದ ಅವು ಈಗ ಕೆನಡಾದ ಅಟ್ಲಾಂಟಿಕ್ ನೀರಿನಲ್ಲಿ ಮೂರು ಲಕ್ಷ ಮೀರಿವೆ. ಕಾಡ್ ಸಮೃದ್ಧವಾಗಿದ್ದಾಗ ಸೀಲ್ ತಿಂದದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ, ಮನುಷ್ಯರು ಹಿಂಡನ್ನು ಅಷ್ಟು ಕುಗ್ಗಿಸಿದ ಮೇಲೆ ಸೀಲ್‌ನ ಹಸಿವೇ ಅದನ್ನು ಏಳಗೊಡುತ್ತಿಲ್ಲ. ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನಮ್ಮ ಕಾಲದಲ್ಲಿ ದಕ್ಷಿಣ ಕೊಲ್ಲಿಗೆ ಕಾಡ್ ಕಸುಬಾಗಿ ಮರಳುವ ಲಕ್ಷಣವಿಲ್ಲ. ಬದಲಿಗೆ 1995ರಿಂದ ನಿಷೇಧದಲ್ಲಿದ್ದ ಕೆಂಪು ಮೀನು ಕೊಲ್ಲಿಯಲ್ಲಿ ಚೇತರಿಸಿಕೊಂಡಿದ್ದು, ಅದನ್ನು ಮತ್ತೆ ಹಿಡಿಯಲು ಬಿಡುವುದಾಗಿ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಘೋಷಿಸಿತು. ಅದರ ಪಾಲು ದೊಡ್ಡ ಹಡಗುಗಳಿಗೆಷ್ಟು, ದಡದ ಸಣ್ಣ ದೋಣಿಗಳಿಗೆಷ್ಟು ಎಂಬ ಜಗಳ ಅಂದೇ ಆರಂಭವಾಯಿತು.